ನಾಲ್ಕನೆಯ ಅರ್ಜಿ

ಆ ಪರೀಕ್ಷೆಯ ಅರ್ಜಿಯನ್ನು ಮೊಬೈಲ್‌ನಲ್ಲೇ ತುಂಬಬಹುದಿತ್ತು, ಮಹಾದೇವಿ. ಆಗುವುದಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಗೊತ್ತಿದ್ದೇ ಹೇಳಿದ ಸುಳ್ಳು.

ಈಗ ಕಾಲೇಜಿನಲ್ಲಿ ಎಲ್ಲರೂ ನಿನ್ನನ್ನು ಮೇಡಂ ಅನ್ನುತ್ತಾರೆ. ನಾನು ಹಳೇ ರೂಢಿಯಂತೆ ತಂಗಿ ಎಂದೇ ಬರೆಯುತ್ತೇನೆ — ಆ ಹಕ್ಕು ಇನ್ನೂ ಉಳಿದಿದ್ದರೆ.

ಸುರಪುರ ಬಸ್ ನಿಲ್ದಾಣದ ಬದಿಯ ನನ್ನ ಆನ್‌ಲೈನ್ ಅಂಗಡಿ ನಿನಗೆ ಗೊತ್ತೇ ಇದೆ. ಸಿಮ್ ಮಾರುವ ಡಬ್ಬಿ ಅಂಗಡಿಯಿಂದ ಶುರು ಮಾಡಿ ನಾನೊಬ್ಬನೇ ಕಟ್ಟಿದ್ದು. ಬಂದವರಿಗೆಲ್ಲ, ಕೇಳದಿದ್ದರೂ, ಬುದ್ಧಿ ಹೇಳುತ್ತಿದ್ದೆ — ಯಾವ ಕೋರ್ಸ್ ಸೇರಬೇಕು, ಯಾವ ಫೋನ್ ಕೊಳ್ಳಬಾರದು, ಯಾವ ದರಕ್ಕೆ ಜಗ್ಗಾಡಬೇಕು. ಒಂದೇ ಒಂದು ಬುದ್ಧಿಯನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ: ನೀವು ನನ್ನ ಹತ್ತಿರ ಮಾಡಿಸಿಕೊಳ್ಳುವ ಕೆಲಸ ಬಹುಪಾಲು ನಿಮ್ಮ ಕೈಯಲ್ಲಿರುವ ಮೊಬೈಲ್‌ನಲ್ಲೇ ಆಗುತ್ತದೆ ಎಂದು. ಕಾಲೇಜಿನ ಹುಡುಗರು ಅರ್ಜಿ ಎಂದರೆ ಅಂಜುತ್ತಿದ್ದರು. ಆ ಅಂಜಿಕೆಯ ಮೇಲೇ ನನ್ನ ಅಂಗಡಿ ನಿಂತಿತ್ತು.

ನೀನು ಹಾಗಿರಲಿಲ್ಲ. ಗ್ರಂಥಾಲಯದ ಪುಸ್ತಕದ ಪುಟಗಳ ಫೋಟೊ ತೆಗೆದುಕೊಂಡು, ಅವನ್ನು ನಿನ್ನ ದನಿಯಲ್ಲೇ ಓದಿ ರೆಕಾರ್ಡ್ ಮಾಡಿ, ದೇವಾಪುರದ ಹೊಲದಲ್ಲಿ ಕಳೆ ಕೀಳುತ್ತಾ ಕೇಳುತ್ತಿದ್ದವಳು. ಅಂಥವಳಿಗೆ ಒಂದು ಅರ್ಜಿ ಯಾವ ಲೆಕ್ಕ? ಆದರೂ ನೀನು ನನ್ನ ಮಾತು ನಂಬಿದೆ.

ಅಂದು ಬಿ.ಎ. ಕೊನೆಯ ಸೆಮಿಸ್ಟರಿನ ಪರೀಕ್ಷೆಯ ಅರ್ಜಿಗೆ ಕಡೇ ದಿನ, ಸಂಜೆ ಐದರವರೆಗೆ ಗಡುವು. ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ಕಂಪ್ಯೂಟರ್ ಬಂದ್. ಮೂವರು ಹುಡುಗರು ಕಾಗದಪತ್ರ ಕೊಟ್ಟು ಕಾಯುತ್ತಿದ್ದರು. "ಒಳಗ ಲ್ಯಾಪ್‌ಟಾಪ್ ಅದ, ತಡೀರಿ" ಎಂದು ನಾನು ಪರದೆಯ ಹಿಂದೆ ಹೋದೆ. ಲ್ಯಾಪ್‌ಟಾಪ್ ಎಲ್ಲಿತ್ತು? ಹಳೇ ಕಾಗದದ ಮೂಟೆಯ ಮೇಲೆ ಕುಳಿತು ನನ್ನ ಮೊಬೈಲ್‌ನಲ್ಲೇ ಅವರ ಅರ್ಜಿ ತುಂಬುತ್ತಿದ್ದೆ. ನಡುನಡುವೆ ಕೂಗುತ್ತಿದ್ದೆ — "ಓಟಿಪಿ ಬಂದದೇನು ನೋಡಲೇ, ಲಗೂನ ಹೇಳು!"

ಎರಡು ಮುಗಿದಿದ್ದವು. ಮೂರನೆಯದು ಅರ್ಧ ಆಗಿದ್ದಾಗ ಅದೇ ಮೊಬೈಲ್‌ಗೆ ನಿನ್ನ ಕರೆ ಬಂತು.

"ಅಣ್ಣಾರ, ಇವತ್ತ ಕಾಲುವಿ ನೀರಿನ ಪಾಳಿ ನಮ್ದು. ಅಪ್ಪಗ ಜ್ವರ, ಹೊಲದಾಗ ನಾ ಒಬ್ಬಾಕಿನೇ ಅದೀನಿ. ಅರ್ಜಿ ಮೊಬೈಲ್‌ನ್ಯಾಗ ತುಂಬಾಕ ಬರಂಗಿಲ್ಲೇನ್ರಿ? ಹೆಂಗಂತ ಹೇಳ್ರಿ, ನಾನೇ ಮಾಡ್ತೀನಿ."

ಹೇಳಿಕೊಡಲು ಐದು ನಿಮಿಷ ಸಾಕಿತ್ತು. ಆದರೆ ಪರದೆಯ ಆಚೆ ಮೂವರ ಕಿವಿಗಳಿದ್ದವು. ಅವರು ಕೇಳಿಸಿಕೊಂಡರೆ ನಾಳೆ ಕಾಲೇಜಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ನನ್ನ ಅಂಗಡಿಗೆ ಯಾರು —

"ಬರಂಗಿಲ್ಲ ತಂಗಿ. ಮೊಬೈಲ್‌ನ್ಯಾಗ ಆಗಂಗಿಲ್ಲ. ಅಂಗಡಿಗೇ ಬರ್ಬೇಕು" ಎಂದೆ.

ಕರೆ ಮುಗಿಸಿ, ಅದೇ ಮೊಬೈಲ್‌ನಲ್ಲಿ ಮೂರನೆಯ ಅರ್ಜಿಯನ್ನು ಪೂರ್ತಿ ಮಾಡಿದೆ.

ನೀನು ಪಾಳಿಯ ನೀರನ್ನು ಮುಂದಿನ ಹೊಲದವರಿಗೆ ಬಿಟ್ಟು ಓಡಿ ಬಂದೆ. ಬಸ್ ಸಿಗದೆ, ಟಂಟಂ ಆಟೊ ಹಿಡಿದು ಬಂದು ನಿಂತಾಗ ಐದೂವರೆ. ಮೊಣಕಾಲಿನವರೆಗೆ ಕರಿಮಣ್ಣು. ಆಗಲಾದರೂ ನಿಜ — ಇಲ್ಲ, ಆಗಲೂ ಬುದ್ಧಿಯನ್ನೇ ಹೇಳಿದೆ.

"ಕಡೀ ದಿನದ ತನಕ ಕುಂದರಬಾರದು ನೋಡವಾ."

ನೀನು ತಲೆ ತಗ್ಗಿಸಿದೆ. "ಹೌದ್ರಿ, ತಪ್ಪು ನಂದೇ ಅಣ್ಣಾರ" ಎಂದೆ.

ಆ ಮಾತನ್ನು ನಾನು ತಿದ್ದಲಿಲ್ಲ. ನಿನ್ನ ಒಂದು ವರ್ಷ ಹೋಯಿತು. ಜೊತೆಯವರು ಎಂ.ಎ. ಸೇರಲು ಕಲಬುರಗಿಗೆ ಹೋದರು. ನೀನು ಮುಂದಿನ ವರ್ಷ ಅದೇ ಅರ್ಜಿ ಹಿಡಿದು ಮತ್ತೆ ನನ್ನ ಅಂಗಡಿಗೇ ಬಂದೆ. ಬರುವಾಗ ಇಬ್ಬರು ಗೆಳತಿಯರನ್ನೂ ಕರೆತಂದಿದ್ದೆ — "ಮೊಬೈಲ್‌ನ್ಯಾಗ ಆಗಂಗಿಲ್ರೇ, ಅಣ್ಣಾರೇ ಹೇಳ್ಯಾರ." ನನ್ನ ಸುಳ್ಳು ನಿನ್ನ ಬಾಯಲ್ಲಿ ಅಷ್ಟು ಪ್ರಾಮಾಣಿಕವಾಗಿ ಕೇಳಿಸಿತು. ಕೀಬೋರ್ಡಿನ ಮೇಲೆ ನನ್ನ ಬೆರಳು ತಪ್ಪಿದವು. ಆದರೂ ಟೈಪ್ ಮಾಡುತ್ತಲೇ ಹೋದೆ.

ಆಮೇಲೆ ನೀನೂ ಎಂ.ಎ. ಮುಗಿಸಿ ಶಹಾಪುರದ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದೆ. ನಿನ್ನೆ ಅಲ್ಲಿಂದ ನಿನ್ನ ಫೋನ್ ಬಂತು. "ನಮ್ಮ ಕಾಲೇಜಿನ ಹುಡುಗ್ರಿಗಿ ರೀಲ್ಸ್ ಮಾಡಾಕ ಬರ್ತದ, ಅಸೈನ್‌ಮೆಂಟ್ ಅಪ್‌ಲೋಡ್ ಮಾಡಂದ್ರ ಬೆವರ್ತಾವ್ರಿ. ಸೋಮವಾರ ಬಂದು ಒಂದ್ ತಾಸು ಹೇಳಿಕೊಡ್ರಿ ಅಣ್ಣಾರ. ಮೊಬೈಲ್‌ನ್ಯಾಗ ಏನ್ ಆಗ್ತದ, ಏನ್ ಆಗಂಗಿಲ್ಲ — ನಿಮ್ಮಷ್ಟು ಯಾರಿಗಿ ಗೊತ್ತದ?"

ಹೇಳಿ ನೀನು ನಕ್ಕೆ. ಆ ನಗು ಎಂಥದ್ದು, ತಂಗಿ? ದಿನಾ ಮೊಬೈಲ್ ಹಿಡಿದು ಪಾಠ ಮಾಡುವವಳಿಗೆ ಇಷ್ಟು ವರ್ಷದಲ್ಲಿ ಗೊತ್ತಾಗದೆ ಇದ್ದೀತೇ? ಗೊತ್ತಿದ್ದೂ ಕರೆದೆಯೋ, ಅಥವಾ ಇನ್ನೂ ನನ್ನನ್ನು ನಂಬಿದ್ದೀಯೋ? ಮೈಗೆ ಹುಷಾರಿಲ್ಲ ಎಂದು ಹೇಳಿಬಿಡೋಣ ಅಂತ ಎರಡು ಸಲ ಫೋನ್ ಎತ್ತಿದೆ. ಇಟ್ಟೆ. ನಿನಗೆ ಇನ್ನೊಂದು ಸುಳ್ಳು ಹೇಳಲು ಮತ್ತೆ ಮೊಬೈಲೇ ಬೇಕಾಯಿತಲ್ಲ ಎನಿಸಿತು.

ಇದನ್ನೂ ಮೊಬೈಲ್‌ನಲ್ಲೇ ಬರೆಯುತ್ತಿದ್ದೇನೆ. ಸೋಮವಾರಕ್ಕೆ ಮೊದಲೇ ನೀನು ಓದಬೇಕು. ಓದಿ, ಬರಬೇಡ ಎಂದರೆ ಬರುವುದಿಲ್ಲ. ಬಾ ಎಂದರೆ, ನಿನ್ನ ವಿದ್ಯಾರ್ಥಿಗಳ ಮುಂದೆ ನಿಂತು ಪರದೆಯ ಹಿಂದೆ ತುಂಬಿದ ಆ ಮೂರು ಅರ್ಜಿಗಳ ವಿಷಯ ಮೊದಲು ಹೇಳುತ್ತೇನೆ. ಆಮೇಲೆ, ನಿನ್ನ ಮುಖ ನೋಡುತ್ತಲೇ, ತುಂಬದೆ ಉಳಿದ ನಾಲ್ಕನೆಯದರದ್ದು.