ಮಧ್ಯಾಹ್ನದ ಗುಂಯ್

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರೇಡಿಯೋ ನಿಲಯದಲ್ಲಿ ಮಧ್ಯಾಹ್ನದ ಕೃಷಿ ಕಾರ್ಯಕ್ರಮ ಓದುವ ಕೆಲಸ ಸಿಕ್ಕಾಗ, ಪಾವಗಡದ ಕಡೆಯ ನಮ್ಮೂರಿನಲ್ಲಿ ಅವ್ವ ಕಡಲೆಕಾಯಿ ಬಿಡಿಸುವ ಹೆಂಗಸರನ್ನೆಲ್ಲ ಸೆಟ್ಟಿನ ಸುತ್ತ ಕೂರಿಸಿದ್ದಳಂತೆ.

ಆಮೇಲೆ ನಿಲಯದಲ್ಲಿ ಹಳೆಯ ಏಎಂ ಜೊತೆಗೆ ಎಫ್ಎಂ ಬಂತು. ಹಾಡೆಲ್ಲ ಎಫ್ಎಂಗೆ ಎಂಬುದರಲ್ಲಿ ತಕರಾರಿರಲಿಲ್ಲ. ಮಾತಿನ ಕಾರ್ಯಕ್ರಮ ಎಲ್ಲಿಗೆ? ನೀನು ಆ ಕಡೆಯವಳು, ಯಾವುದು ಎಲ್ಲಿವರೆಗೆ ಕೇಳಿಸುತ್ತದೆ ನೋಡಿಕೊಂಡು ಬಾ ಎಂದು ಸಾಹೇಬರು ಎರಡೂ ಹಿಡಿಯುವ ಸೆಟ್ಟು ಕೊಟ್ಟು ಕಳಿಸಿದರು. ನನ್ನ ಭಾಗವನ್ನು ಮೊದಲೇ ರೆಕಾರ್ಡ್ ಮಾಡಿಟ್ಟು ಬಸ್ಸು ಹತ್ತಿದೆ.

ಕೊರಟಗೆರೆಯಲ್ಲಿ ಎಫ್ಎಂ ಪಕ್ಕದಲ್ಲೇ ಕೂತು ಮಾತಾಡಿದಂತಿತ್ತು. ಮಧುಗಿರಿಯ ಬೆಟ್ಟ ದಾಟಿದ ಮೇಲೆ ಸತ್ತೇ ಹೋಯಿತು. ಏಎಂ ಕರಕರ ಎನ್ನುತ್ತಲೇ ಊರಿನವರೆಗೂ ಬಂತು. ಊರಿನಲ್ಲಿ ಅದೂ ಕೆಟ್ಟಿತು. ಹೊಲಗಳಲ್ಲಿ ಈಗ ಸೋಲಾರ್ ಹಲಗೆಗಳು. ಬಿಸಿಲು ಏರಿದ ಹಾಗೆಲ್ಲ ಅವುಗಳ ಇನ್ವರ್ಟರುಗಳಿಂದ ಏಎಂ ತುಂಬ ಗುಂಯ್.

ಅವ್ವನ ಸೆಟ್ಟಿನ ಆಂಟೆನಾ ಎಂದೋ ಒಲೆಯ ಬೂದಿ ಕೆದಕುವ ಕಡ್ಡಿಯಾಗಿತ್ತು. ಏಎಂಗೆ ಅದು ಬೇಕೂ ಇಲ್ಲ, ನಮ್ಮೂರಲ್ಲಿ ಎಲ್ಲರೂ ಸೆಟ್ಟನ್ನೇ ತಿರುಗಿಸಿ ಕೇಳುವುದು. ಅವ್ವ ಅದನ್ನು ಕವುಚಿದ ಸೇರಿನ ಮೇಲಿಟ್ಟು ಅತ್ತಿತ್ತ ಹೊರಳಿಸಿದಳು. ಗುಂಯ್ ಒಳಗೆ ಎಲ್ಲೋ ನಾನಿದ್ದೆ.

ಪಕ್ಕದ ಮನೆಯಾಕೆ, "ಇಷ್ಟು ಓದ್ಸಿದ್ದು ಜೇನುಹುಳದಂಗೆ ಗುಂಯ್ಗುಟ್ಟಾಕಾ ಅಕ್ಕಾ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಈ ಗುಂಯ್‌ನಲ್ಲಿ ನಿನಗೇನು ಕೇಳಿಸುತ್ತದೆ ಎಂದು ಅವ್ವನನ್ನು ಕೇಳಿದೆ.

"ನಿನ್ ದನಿ ಬತ್ತದೆ ಕಣಮ್ಮ. ಮಾತು ಬರಾಕಿಲ್ಲ. ಅಷ್ಟೇ ಸಾಕು ಬುಡು."

ಹೊತ್ತು ಮುಳುಗಿದ ಮೇಲೆ ಗುಂಯ್ ನಿಂತು ಏಎಂ ತಿಳಿಯಾಯಿತು. ನಿಲಯಕ್ಕೆ ಮರಳಿ ಅದನ್ನೇ ಬರೆದುಕೊಟ್ಟೆ: ಮಾತು ಏಎಂನಲ್ಲೇ ಇರಲಿ, ಸಂಜೆಗೆ ಹಾಕಿ. ಮೀಟಿಂಗಿನಲ್ಲಿ ಸಾಹೇಬರು ಅದನ್ನು ಪೂರ್ತಿ ಓದಿದರು. ಮೊಬೈಲಿನಲ್ಲಿ ಏಎಂ ಎಲ್ಲಿದೆ ಎಂದು ಯಾರೋ ಕೇಳಿದರು. ಸುಳ್ಳೇನಲ್ಲ. ಕೃಷಿ ಕಾರ್ಯಕ್ರಮವೂ ಎಫ್ಎಂಗೆ ಎಂದಾಯಿತು, ಹೊತ್ತು ಮಧ್ಯಾಹ್ನದ್ದೇ. ಟೀ ಬಂತು, ಕುಡಿದೆ. ಊರಿಗೆ ಹೇಳಲಿಲ್ಲ.

ಎಫ್ಎಂಗೆ ಬದಲಾದ ದಿನ ಓದು ಮುಗಿಸಿ ಹೊರಬಂದಾಗ ಅವ್ವನ ಫೋನು.

"ಇವತ್ತು ಬರೀ ಗುಂಯ್ ಅಂತು. ನಿನ್ ದನಿ ಇರ್ಲಿಲ್ಲ. ರಜಾ ಹಾಕಿದ್ಯಾ?"

"ಹೂಂ."

"ಮೈ ಹುಷಾರೈತಾ?"

"ಐತೆ ಕಣವ್ವ."

"ನಾಳೆ ಓದ್ತೀಯಾ?"

"ಓದ್ತೀನಿ" ಎಂದು ಊಟದ ಡಬ್ಬಿ ಬಿಚ್ಚಿದೆ.