ಹಾರ್ನ್ ನಿಲ್ಲದ ಮಧ್ಯಾಹ್ನ

ಅತ್ತೆಯವರ ಡಯಾಲಿಸಿಸ್ ಮುಗಿಸಿಕೊಂಡು ನಾವಿಬ್ಬರೂ ಕೊಪ್ಪಳದಿಂದ ಹನುಮಸಾಗರಕ್ಕೆ ಮರಳುತ್ತಿದ್ದೆವು. ಪ್ರತಿ ವಾರ ಇದೇ ದಾರಿ, ಇದೇ ಹಳೆಯ ಕಾರು. ಗಂಡನಿಗೆ ಹೊಲ ಬಿಟ್ಟು ಬರಲು ಆಗುವುದಿಲ್ಲ, ಹಾಗಾಗಿ ನಾನೇ ಓಡಿಸುತ್ತೇನೆ. ಬರುವಾಗ ನಮ್ಮಿಬ್ಬರಿಗೂ ಮಾತು ಬೇಡವಾಗಿರುತ್ತದೆ. ಅತ್ತೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿರುತ್ತಾರೆ, ನಾನು ರಸ್ತೆ ನೋಡುತ್ತಿರುತ್ತೇನೆ.

ಆ ದಿನ ಕುಷ್ಟಗಿ ದಾಟಿದ ಮೇಲೆ ಕುರಿ ಹಿಂಡೊಂದು ಅಡ್ಡ ಬಂತು. ಹಾರ್ನ್ ಒತ್ತಿದೆ. ಕುರಿಗಳು ದಾಟಿಹೋದವು, ಹಾರ್ನ್ ನಿಲ್ಲಲಿಲ್ಲ. ಗುಂಡಿಯನ್ನು ಬಡಿದೆ, ಗಾಡಿ ಬದಿಗೆ ಹಾಕಿ ಕೀಲಿ ತೆಗೆದೆ, ಆದರೂ ಕೂಗುತ್ತಲೇ ಇತ್ತು.

ಬಾನೆಟ್ ಎತ್ತಿದೆ. ಬ್ಯಾಟರಿ ಗೊತ್ತಿತ್ತು, ಅದರ ಪಕ್ಕದ ಕರಿ ಪೆಟ್ಟಿಗೆಯಲ್ಲಿ ಫ್ಯೂಸುಗಳಿರುತ್ತವೆ ಎಂಬುದೂ ಗೊತ್ತಿತ್ತು. ಆದರೆ ಮುಚ್ಚಳದ ಮೇಲಿನ ಗುರುತುಗಳೆಲ್ಲ ಅಳಿಸಿಹೋಗಿದ್ದವು. ಯಾವುದನ್ನು ಕೀಳಬೇಕೆಂದು ಕೇಳಲು ಗಂಡನಿಗೆ ಫೋನ್ ಮಾಡಿದೆ. ಆ ಗದ್ದಲದಲ್ಲಿ ಅವರ ಮಾತು ನನಗೆ ಕೇಳಲಿಲ್ಲ, ನನ್ನದು ಅವರಿಗೆ ಕೇಳಲಿಲ್ಲ. ಬೈಕಿನವರೊಬ್ಬರು, ನಾನು ಬೇಕೆಂದೇ ಬಾರಿಸುತ್ತಿದ್ದೇನೆ ಎಂಬಂತೆ ದುರುಗುಟ್ಟಿ ಹೋದರು. ನನಗೆ ಅಲ್ಲೇ ನೆಲಕ್ಕೆ ಕುಳಿತುಬಿಡಬೇಕು ಅನ್ನಿಸಿತು.

ಅಷ್ಟರಲ್ಲಿ ಅತ್ತೆ ಇಳಿದು, ಕಾರನ್ನೇ ಆಸರೆ ಮಾಡಿಕೊಂಡು ಮುಂದಕ್ಕೆ ಬಂದರು. ಬೇಡವೆಂದರೂ ಕೇಳಲಿಲ್ಲ. ಸೂಜಿ ಚುಚ್ಚದ ಕೈಯನ್ನು ಒಂದು ಹೆಡ್‌ಲೈಟಿನ ಬಳಿ ಇಟ್ಟರು, ಆಮೇಲೆ ಇನ್ನೊಂದರ ಬಳಿ, ಕೊನೆಗೆ ನಡುವಿನ ಜಾಲರಿಯ ಮೇಲೆ.

“ಇಲ್ಲಿ ಭಾಳ ನಡುಗಾಕತ್ತೈತಿ ನೋಡು, ಯವ್ವಾ.”

ಬಗ್ಗಿ ನೋಡಿದೆ. ಜಾಲರಿಯ ಹಿಂದೆ, ರೇಡಿಯೇಟರಿನ ಮುಂದೆ, ಧೂಳು ಮೆತ್ತಿದ ಅಂಗೈಯಗಲದ ಬಿಲ್ಲೆಯೊಂದು ಕೂಗುತ್ತಿತ್ತು. ಹಾರ್ನ್ ಇರುವುದು ಸ್ಟೇರಿಂಗಿನೊಳಗೇ ಎಂದು ನಾನು ತಿಳಿದಿದ್ದೆ. ಕೈ ಒಳಗೆ ಇಳಿಸಿದೆ. ಮೊಣಕೈ ಬಿಸಿ ಕಬ್ಬಿಣಕ್ಕೆ ತಾಗಿ ಚುರ್ರೆಂದಿತು. ಬಿಡದೆ ಅದರ ವೈರು ಎಳೆದೆ. ಸದ್ದು ನಿಂತಿತು.

ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು ಆಗಲೇ. ಬಿಸಿಲಿದೆ, ಹೋಗೋಣ ಎಂದೆ. ಅತ್ತೆ ಪಕ್ಕದ ಬೇವಿನ ನೆರಳಿಗೆ ನಡೆದು, ಅದರ ಬೇರಿನ ಮೇಲೆ ಕುಳಿತರು.

“ಮನಿಗೆ ಹೋದ್ರ ನಿನಗ ಮತ್ತ ಒಲಿ ಮುಂದ ನಿಂದ್ರೂದ ಐತಿ. ಇಲ್ಲೇ ಒಂದೀಟು ಕುಂದ್ರು.”

ಕುಳಿತೆ. ಸ್ವಲ್ಪ ಹೊತ್ತಿಗೆ ಅವರಿಗೆ ನನ್ನ ಭುಜದ ಮೇಲೆಯೇ ನಿದ್ದೆ ಹತ್ತಿತು. ಗಂಡ ಮತ್ತೆ ಫೋನ್ ಮಾಡಿದಾಗ, ಬರುವುದು ತಡವಾಗುತ್ತದೆ, ಅನ್ನಕ್ಕೆ ನೀವೇ ಇಡಿ ಎಂದು ಮೆಲ್ಲಗೆ ಹೇಳಿದೆ.