ಕನ್ನಡದಾಗೆ ಹೇಳವ್ವಾ

ತಮಿಳು ಸೀಮೆಯ ವೆಸ್ಟ್ ಮಾಂಬಲಂನ ಪುಟ್ಟ ಫ್ಲ್ಯಾಟಿನಲ್ಲಿ ಗಿರಿಜಾದೇವಿಗೆ ವಾರಕ್ಕೆ ಇದ್ದದ್ದು ಒಂದೇ ದಿನ, ಶನಿವಾರ. ಉಳಿದವು ಕ್ಯಾಲೆಂಡರಿನವು. ದಾವಣಗೆರೆಯಿಂದ ಕರೆತಂದ ಗಂಡ ತೀರಿಹೋಗಿದ್ದರು, ಮಕ್ಕಳಾಗಿರಲಿಲ್ಲ. ಶನಿವಾರ ಸಂಜೆ ಮಾತ್ರ ಕನ್ನಡದ ಮನೆಗಳ ಮಕ್ಕಳು ವಚನ ಕಲಿಯಲು ಬಂದು ಹಾಲ್ ತುಂಬಾ ಕಿತ್ತಾಡುತ್ತಿದ್ದವು. ಆ ಗದ್ದಲಕ್ಕೆಂದೇ ಆಕೆ ಬದುಕಿದ್ದರು ಎಂದರೂ ತಪ್ಪಿಲ್ಲ.

ಮನೆಯ ಕಾನೂನು, ಹೊಸ್ತಿಲೊಳಗೆ ತಮಿಳು ಕೂಡದು. ದಿನವಿಡೀ ತಮಿಳಾಡುವ ಮಕ್ಕಳಿಗೆ ಅದು ಕಬ್ಬಿಣದ ಕಡಲೆ. ಗಿರಿಜಾದೇವಿಯ ಹಟ ಮಾತ್ರ ಸಡಿಲಲಿಲ್ಲ.

ಒಂದು ಶನಿವಾರ ಉಳಿದವರು ಕೆಳಗಿಳಿದ ಮೇಲೂ ಹನ್ನೊಂದು ವರ್ಷದ ತೇಜಶ್ರೀ ಬಾಗಿಲಲ್ಲೇ ನಿಂತಳು. ಮಕ್ಕಳನ್ನೆಲ್ಲ ಕಾರಿನಲ್ಲಿ ಮನೆಗೆ ಬಿಡುತ್ತಿದ್ದವನು ಅವಳ ಸೋದರಮಾವ ಶಿವಕಿರಣ್, ತಾಯಂದಿರ ಪಾಲಿಗೆ ದೇವರಂಥವನು.

"ಆಂಟಿ, ಮಾಮಾ ಕಾರ್‌ಲ ನಾನ್ ಪೋಗಮಾಟ್ಟೇನ್. ಅವರು..."

ಮಾಮನ ಕಾರಿನಲ್ಲಿ ಹೋಗುವುದಿಲ್ಲ ಅಂದದ್ದು ಗಿರಿಜಾದೇವಿಗೆ ಅರ್ಥವಾಗಿತ್ತು. ಆದರೂ ತಟ್ಟೆ ಎತ್ತುತ್ತಾ, ಅಭ್ಯಾಸಬಲದಿಂದ, "ಕನ್ನಡದಾಗೆ ಹೇಳವ್ವಾ" ಎಂದುಬಿಟ್ಟರು.

ಹುಡುಗಿಯ ತುಟಿ ಅಲುಗಿತು. ಅಂಥ ಮಾತಿಗೆ ಅವಳ ಬಳಿ ಕನ್ನಡವಿರಲಿಲ್ಲ, ಯಾರೂ ಕಲಿಸಿರಲಿಲ್ಲ. "ಏನಿಲ್ಲ" ಎಂದು ಇಳಿದು ಹೋದಳು.

ಆ "ಏನಿಲ್ಲ" ಗಿರಿಜಾದೇವಿಯ ಜೊತೆ ಕೂತು ಉಂಡಿತು. ಥೂ, ಇದೆಂಥ ಭಾಷಾಭಿಮಾನ! ಬೆಳಗಾಗುತ್ತಲೇ ಅವಳ ಮನೆಗೆ ನಡೆದರು. ತಾಯಿ ವಂದನಾ ಪೂಜೆಯಲ್ಲಿದ್ದಾಗ ಹುಡುಗಿಯ ಪಕ್ಕ ಕೂತು, ತಮ್ಮ ಮುರುಕು ತಮಿಳಿನಲ್ಲಿ, "ಎಪ್ಪಡಿ ವರುದೋ ಅಪ್ಪಡಿ ಸೊಲ್ಲು ಕಣ್ಣಾ" ಎಂದರು. ಹೇಗೆ ಬರುತ್ತೋ ಹಾಗೇ ಹೇಳು ಕಂದ.

ತೇಜಶ್ರೀ ಹೇಳಿದಳು. ಎಲ್ಲರನ್ನೂ ಇಳಿಸಿದ ಮೇಲೆ ಮಾಮ ಕಾರನ್ನು ಎಲ್ಲೋ ನಿಲ್ಲಿಸಿ ಮುಟ್ಟುತ್ತಾನೆ, ಬಾಯಿಬಿಟ್ಟರೆ ಅಮ್ಮ ಸತ್ತೇಹೋಗುತ್ತಾಳೆ ಅನ್ನುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಗಿರಿಜಾದೇವಿ ಒಂದನ್ನೂ ಕೆದಕಲಿಲ್ಲ.

"ನಂಬ್ತೀನವ್ವಾ. ಹೇಳಿ ಒಳ್ಳೇದು ಮಾಡ್ದೆ."

"ಯಾರಿಗೂ ಹೇಳ್ಬೇಡಿ ಆಂಟಿ, ಪ್ಲೀಸ್."

"ಆ ಮಾತು ಕೊಡಾಕಾಗಲ್ಲ. ಅಮ್ಮಂಗೆ ಹೇಳಾಣ. ನಾನು ಪಕ್ಕದಾಗೇ ಇರ್ತೀನಿ."

ಇದರ ಬೆಲೆ ಏನೆಂದು ಅವರಿಗೆ ಗೊತ್ತಿತ್ತು. ಮಕ್ಕಳನ್ನು ತರುವ ಕಾರು ಅವನದು, ಕನ್ನಡದ ಮನೆಗಳೆಲ್ಲ ಅವನ ಕಡೆ. ವಂದನಾ "ನನ್ನ ತಮ್ಮನಾ?" ಎಂದು ಚೀರಿದಳು, ಮಗಳ ಮುಖ ನೋಡಿ ಅವಳನ್ನು ಬಾಚಿ ತಬ್ಬಿದಳು. ಅಂದೇ ಗಿರಿಜಾದೇವಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು, ಪೊಲೀಸರು ಬಂದರು. ನಾಲಿಗೆಗೆ ಎಲುಬಿಲ್ಲವಲ್ಲ, ಮುದುಕಿ ಸಂಸಾರ ಒಡೆದಳು ಎಂಬ ಮಾತು ಮನೆಮನೆಗೂ ಹಬ್ಬಿತು.

ಮುಂದಿನ ಶನಿವಾರ ಮಾಡಿಟ್ಟ ಮಂಡಕ್ಕಿ ಒಗ್ಗರಣೆ ಮೆತ್ತಗಾಯಿತು. ಬಂದವಳು ತಾಯಿಯ ಕೈಹಿಡಿದ ತೇಜಶ್ರೀ ಒಬ್ಬಳೇ. ಯಾರೂ ಬಾರದ ಖಾಲಿ ಹಾಲ್ ನೋಡಿದಳು.

"ನನ್ನಿಂದಾನಾ ಆಂಟಿ, ಯಾರೂ ವರಲೆ?"

"ನಿನ್ನಿಂದಲ್ಲ. ತಪ್ಪು ಮಾಡಿದ್ದು ಅವನು."

"ಇನ್ಮೇಲೆ ನೀವೊಬ್ರೇ ಇರ್ಬೇಕಾ?"

ಇಲ್ಲ ಎನ್ನಬಹುದಿತ್ತು. ಆದರೆ ಈ ಮಗುವಿಗೆ ಸುಳ್ಳು ಹೇಳಿದವರು ಆಗಲೇ ಸಾಕಷ್ಟಿದ್ದರು.

"ಹೂಂ, ಇರ್ತೀನಿ," ಎಂದರು ಗಿರಿಜಾದೇವಿ. "ಅದು ನಿನ್ನ ಚಿಂತೆ ಅಲ್ಲವ್ವಾ. ಕೂತ್ಕೊ, ತಿನ್ನು."